ಸದ್ದಿಲ್ಲದೆ ಸೇರಿದ ಅರವತ್ತು ಪದ

ಫೆಬ್ರವರಿ 5, ಸೋಮವಾರ

ಗಂಟಲಿನ ವೈದ್ಯರು ಇಂದು ನನ್ನ ಬಾಯಿಗೆ ಬೀಗ ಜಡಿದರು. ಧ್ವನಿತಂತುಗಳ ಮೇಲೆ ಬೆಳೆದಿದ್ದ ಎರಡು ಗಂಟುಗಳನ್ನು ಶುಕ್ರವಾರವೇ ತೆಗೆದಾಗಿದೆ. "ಇನ್ನು ನಾಲ್ಕು ವಾರ ಒಂದಕ್ಷರ ಆಡ್ಬಾರ್ದು. ಪಿಸುಮಾತಂತೂ ಬೇಡವೇ ಬೇಡ, ಅದರಿಂದ ಇನ್ನೂ ಆಯಾಸ ಆಗುತ್ತೆ," ಎಂದರು. ಕೆಮ್ಮಬಾರದು, ಗಂಟಲು ಸರಿಮಾಡಿಕೊಳ್ಳಬಾರದು. "ನಗಬಹುದೇ?" ಎಂದು ಚೀಟಿಯಲ್ಲಿ ಬರೆದು ಕೇಳಿದೆ. "ಸದ್ದಿಲ್ಲದೆ," ಎಂದರು.

ಮೂವತ್ತು ವರ್ಷದಿಂದ ಪಾಠ ಮಾಡಿಕೊಂಡು ಬಂದ ಗಂಟಲು ಇದು. ಶಾಲೆಯಲ್ಲಿ ನನಗೆ ಗುಡುಗು ಮಿಸ್ ಎಂಬ ಹೆಸರಿದೆ ಎಂದು ನನಗೂ ಗೊತ್ತು. ಹೆಮ್ಮೆಯೇ. ನಾಲ್ಕನೇ ತರಗತಿಯಲ್ಲಿ ನಿಂತು "ಸುಮ್ಮನಿರಿ!" ಎಂದರೆ ಆರನೇ ತರಗತಿಯೂ ಸುಮ್ಮನಾಗುತ್ತಿತ್ತು. ಆ ಧ್ವನಿ ಹಾಗೇ ವಾಪಸು ಬರುತ್ತದೆಂದು ಹೇಳಲಾರೆ ಎಂದರು ವೈದ್ಯರು. ತರಗತಿ ನಡೆಸುವಷ್ಟಾದರೂ ಬರುತ್ತದೆಯೇ ಎಂದು ಕೇಳಲು ಚೀಟಿಯಲ್ಲಿ ಜಾಗವಿತ್ತು, ನಾನೇ ಕೇಳಲಿಲ್ಲ.

ನಮ್ಮವರು ಪುಸ್ತಕ ಕಟ್ಟುವವರು. ಬೆರಳಲ್ಲಿ ಸದಾ ಅಂಟು, ಹಲ್ಲಿನ ನಡುವೆ ಸದಾ ದಾರ. ಅದಕ್ಕೇ ಇರಬೇಕು, ಮಾತು ಕಡಿಮೆ. ಸಂಜೆ ಈ ದಪ್ಪ ಪುಸ್ತಕವನ್ನು ತಂದು ಕೈಗಿಟ್ಟರು. ಯಾವುದೋ ಕೆಲಸದಲ್ಲಿ ಉಳಿದ ಹಾಳೆಗಳನ್ನು ಹೊಲಿದು ಕಟ್ಟಿದ್ದು.

"ಬಾಯಿಗೆ ಬಂದದ್ದನ್ನೆಲ್ಲ ಇದಕ್ಕೆ ಹಾಕು. ಮುನ್ನೂರು ಪುಟ ಇದೆ. ಸಾಲ್ದಿದ್ರೆ ಹೇಳು."

ಇದು ತಮಾಷೆಯೋ ನಿಜವೋ ತಿಳಿಯಲಿಲ್ಲ. ಈ ಮನುಷ್ಯ ತಮಾಷೆ ಮಾಡಿದ್ದನ್ನು ನಾನು ನೋಡಿಲ್ಲ.

ಫೆಬ್ರವರಿ 6, ಮಂಗಳವಾರ

ಕೊರಳಿಗೆ ಪುಟ್ಟ ಸ್ಲೇಟು ತೂಗುಹಾಕಿಕೊಂಡು ಶಾಲೆಗೆ ಹೋದೆ. ಬಾಗಿಲಲ್ಲೇ ಗಣಿತದ ಮೇಷ್ಟ್ರು ಕೈ ಮುಗಿದರು. "ಮೇಡಂ, ನಿಮ್ಮಿಂದ ನಮ್ಮ ಶಾಲೆ ಗೋಡೆಗಳಿಗೆ ಒಂದು ತಿಂಗಳು ರಜೆ ಸಿಕ್ತು ನೋಡಿ." ಇಪ್ಪತ್ತು ವರ್ಷದ ಸ್ನೇಹಿತರು. ಇಂಥ ಅವಕಾಶಕ್ಕೆ ಇಪ್ಪತ್ತು ವರ್ಷ ಕಾದಿದ್ದಾರೆ. ಸ್ಲೇಟಿನಲ್ಲಿ ಉತ್ತರ ಬರೆದು ಮುಗಿಸುವಷ್ಟರಲ್ಲಿ ಅವರು ಮೆಟ್ಟಿಲು ಹತ್ತಿ ಹೋಗಿಯಾಗಿತ್ತು.

ನನ್ನ ತರಗತಿಯನ್ನೂ ಅವರಿಗೇ ಕೊಟ್ಟಿದ್ದಾರೆ. ಹೆಡ್ ಮೇಡಂ ನನ್ನನ್ನು ಸಾಮಾನಿನ ಕೋಣೆಗೆ ಕರೆದುಕೊಂಡು ಹೋಗಿ ಪೆಟ್ಟಿಗೆಗಳನ್ನು ತೋರಿಸಿದರು. ಮಕ್ಕಳ ಲ್ಯಾಪ್‌ಟಾಪುಗಳು, ನಲವತ್ತೆರಡು. ಹಸಿರು ಬಿಳಿ ಬಣ್ಣ, ಹಿಡಿದುಕೊಂಡು ಓಡಾಡಲು ಒಂದು ಹಿಡಿ, ತಲೆಯ ಎರಡು ಬದಿಗೆ ಮೊಲದ ಹಾಗೆ ಎರಡು ಕಿವಿ. ಕಿವಿಗಳನ್ನು ಮೇಲೆತ್ತಿದರೆ ಮುಚ್ಚಳ ತೆರೆಯುತ್ತದೆ. ಆ ಕಿವಿಗಳಿಂದಲೇ ಯಂತ್ರಗಳು ಒಂದರ ಮಾತನ್ನು ಇನ್ನೊಂದು ಕೇಳಿಸಿಕೊಳ್ಳುತ್ತವಂತೆ. ಬಂದು ಒಂದು ತಿಂಗಳಾಯಿತು. ಒಳಗಿರುವ ಮಾತೆಲ್ಲ ಇಂಗ್ಲಿಷು. ಮಕ್ಕಳು ಕಣ್ಣುಕಟ್ಟಿದವರಂತೆ ಏನೇನೋ ಒತ್ತುತ್ತಾರೆ.

"ಇದರಲ್ಲಿ ಅರವತ್ತು ಪದ ಇದೆ," ಎಂದು ಹೆಡ್ ಮೇಡಂ ಒಂದು ಹಾಳೆ ಕೊಟ್ಟರು. "ಫೈಲು, ಫೋಲ್ಡರು, ಸೇವ್, ಕರ್ಸರು, ಇಂಥವು. ಇವಕ್ಕೆ ನಮ್ಮ ಭಾಷೇಲಿ ಹೆಸರು ಬೇಕು, ಮಕ್ಕಳಿಗೆ ತಿಳಿಯೋ ಹಾಗೆ ಒಂದೊಂದು ಸಾಲು ಅರ್ಥ ಬೇಕು. ಮಾರ್ಚ್ ನಾಲ್ಕಕ್ಕೆ ಶಿಕ್ಷಣ ಇಲಾಖೆ ಕಚೇರಿಯಿಂದ ಅಧಿಕಾರಿ ಬರ್ತಾರೆ. ಮಕ್ಕಳು ಬಳಸ್ತಿದ್ದಾರೆ ಅಂತ ಕಂಡ್ರೆ ಇಲ್ಲೇ ಇರುತ್ತೆ. ಇಲ್ಲಾಂದ್ರೆ ಬೇರೆ ಶಾಲೆಗೆ ಹೋಗುತ್ತೆ."

"ನನಗೆ ಇದರ ಗಂಧಗಾಳಿಯೂ ಗೊತ್ತಿಲ್ಲ," ಎಂದು ಸ್ಲೇಟಿನಲ್ಲಿ ಬರೆದೆ.

"ಅದಕ್ಕೇ ನಿಮಗೆ ಕೊಟ್ಟಿದ್ದು. ಗೊತ್ತಿರೋರು ಬರೆದದ್ದು ಗೊತ್ತಿರೋರಿಗೆ ಮಾತ್ರ ಅರ್ಥ ಆಗುತ್ತೆ."

ಫೆಬ್ರವರಿ 8, ಗುರುವಾರ

ಮೂರು ನಿಘಂಟು ಹರಡಿಕೊಂಡು ಕೂತು ಎರಡೇ ದಿನದಲ್ಲಿ ಇಪ್ಪತ್ತೆಂಟು ಪದ ಮಾಡಿದೆ. ಕಡತ. ಕಡತಸಂಚಯ. ಸಂರಕ್ಷಿಸು. ಸ್ಥಾನದರ್ಶಕ. ಪುನರಾರಂಭ. ಪ್ರಮಾದ. ಒಂದೊಂದೂ ಎಷ್ಟು ಗಟ್ಟಿ, ಎಷ್ಟು ಗಂಭೀರ!

ನಮ್ಮವರಿಗೆ ತೋರಿಸಿದೆ. ಕನ್ನಡಕ ಏರಿಸಿ ಪೂರ್ತಿ ಓದಿದರು. "ಚೆನ್ನಾಗಿದೆ. ಕಲ್ಲಲ್ಲಿ ಕೆತ್ತಿಸ್ಬಹುದು," ಎಂದರು.

ಖುಷಿಯಾಯಿತು. ಪಾತ್ರೆ ತೊಳೆಯುವಾಗ ಆ ಮಾತು ಇನ್ನೊಂದು ಸಲ ಕಿವಿಯಲ್ಲಿ ಸುಳಿದು, ಅಷ್ಟೇನೂ ಖುಷಿಯಾಗಲಿಲ್ಲ.

ಫೆಬ್ರವರಿ 12, ಸೋಮವಾರ

ನನ್ನ ಕೈಬರಹದಲ್ಲಿ ದೊಡ್ಡದಾಗಿ ಬರೆದ ಪಟ್ಟಿಯನ್ನು ಬೆಳಿಗ್ಗೆ ನಾಲ್ಕನೇ ತರಗತಿಯ ಗೋಡೆಗೆ ಅಂಟಿಸಿದೆ. ಮಕ್ಕಳು ಮುತ್ತಿಕೊಂಡರು. ಗಣಿತದ ಮೇಷ್ಟ್ರು ಕೋಲು ಹಿಡಿದು ಒಂದೊಂದೇ ಪದ ಓದಿಸಿದರು. ಸಂರಕ್ಷಿಸು ಎನ್ನುವಾಗ ಅರ್ಧ ತರಗತಿಯ ನಾಲಿಗೆ ಹೊರಳಲಿಲ್ಲ. ಸ್ಥಾನದರ್ಶಕ ಬಂದಾಗ ಮೇಷ್ಟ್ರೇ ನಿಂತು, "ಇದು ಬಸ್ ಸ್ಟ್ಯಾಂಡಿನ ಬೋರ್ಡಾ ಮೇಡಂ?" ಎಂದರು.

ಆಮೇಲೆ ಪ್ರಮಾದ. ಎದುರು ಬೆಂಚಿನ ವಕೀಲ ಎದ್ದು ನಿಂತ. ಪ್ರತಿಯೊಂದಕ್ಕೂ ಎದ್ದು ನಿಂತು ವಾದ ಹೂಡುವ ಹುಡುಗನಾದ್ದರಿಂದ ಎಲ್ಲರೂ ಅವನನ್ನು ಹಾಗೆಯೇ ಕರೆಯುತ್ತಾರೆ.

"ಮಿಸ್, ಪ್ರಮಾದ ಅಂದ್ರೆ ಯಾರು? ನಮ್ಮ ಕ್ಲಾಸಲ್ಲಿ ಆ ಹೆಸರಿನೋರು ಯಾರೂ ಇಲ್ವಲ್ಲಾ?"

ತರಗತಿ ನಕ್ಕದ್ದಲ್ಲ, ಉರುಳಿತು. ಮೇಷ್ಟ್ರು ಕರಿಹಲಗೆಯ ಕಡೆ ತಿರುಗಿಕೊಂಡರು, ಅವರ ಬೆನ್ನು ಕುಲುಕುತ್ತಿತ್ತು. ನನಗೆ ಬಂದ ಕೋಪಕ್ಕೆ ಒಂದೇ ಒಂದು ಕೂಗು ಸಾಕಿತ್ತು. ಬಾಯಿಯನ್ನೂ ತೆರೆದೆ. ವೈದ್ಯರ ಮುಖ ಕಣ್ಣಮುಂದೆ ಬಂತು. ತೆರೆದ ಬಾಯಿಯನ್ನು ಮುಚ್ಚಿಕೊಂಡು, ಪಟ್ಟಿಯನ್ನು ಗೋಡೆಯಿಂದ ಕಿತ್ತು ಸುರುಳಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು ಹೊರಬಂದೆ. ಸುರುಳಿಯ ಅಂಟು ಸೀರೆಗೆ ಹಿಡಿದುಕೊಂಡಿತು. ಸಿಬ್ಬಂದಿ ಕೋಣೆಯಲ್ಲಿ ಅದನ್ನು ಬಿಡಿಸಿಕೊಳ್ಳುವುದಕ್ಕೇ ಕಾಲು ಗಂಟೆ ಹಿಡಿಯಿತು.

ಮೂವತ್ತು ವರ್ಷ ಭಾಷೆ ಕಲಿಸಿದವಳು ನಾನು. ನಗಲಿ.

ಫೆಬ್ರವರಿ 13, ಮಂಗಳವಾರ

ಇಂದು ಬರೆಯುವಂಥದ್ದೇನೂ ಇಲ್ಲ. ಇದ್ದರೂ ಬರೆಯುವುದಿಲ್ಲ.

ಫೆಬ್ರವರಿ 15, ಗುರುವಾರ

ಬೇರೆಲ್ಲೂ ಜಾಗವಿಲ್ಲದ್ದರಿಂದ ನಾಲ್ಕನೇ ತರಗತಿಯ ಕೊನೆಯ ಬೆಂಚಿನಲ್ಲಿ ಕೂತೆ. ಲ್ಯಾಪ್‌ಟಾಪಿನ ಹೊತ್ತು. ಮಾತಾಡದೆ ಕೂತ ಟೀಚರನ್ನು ಮಕ್ಕಳು ಹತ್ತು ನಿಮಿಷದಲ್ಲಿ ಮರೆತುಬಿಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ಬೀರುವನ್ನು ಮರೆತ ಹಾಗೆ ಮರೆತರು.

"ಏಯ್, ನಂದು ಮುನಿಸ್ಕೊಂಡಿದೆ ಕಣೋ."

"ಹತ್ತು ಎಣಿಸು. ಆಗ್ಲೂ ಮಾತಾಡ್ಲಿಲ್ಲ ಅಂದ್ರೆ ಗುಂಡಿ ಒತ್ತಿ ಹಿಡ್ಕೋ."

ಎರಡು ಸಲ ಕೇಳಿಸಿಕೊಂಡ ಮೇಲೆ ತಿಳಿಯಿತು. ಯಂತ್ರ ಅಲ್ಲಾಡದೆ ನಿಂತುಬಿಡುವುದಕ್ಕೆ ಇವರು ಮುನಿಸು ಎನ್ನುತ್ತಾರೆ. ನನ್ನ ನಿಘಂಟು ಅದಕ್ಕೆ ನಿಷ್ಕ್ರಿಯಾವಸ್ಥೆ ಎಂದು ಹೇಳಿತ್ತು. ಮೂಲೆಯಲ್ಲಿ ಇನ್ನೊಬ್ಬಳು ಪಕ್ಕದವಳಿಗೆ ಹೇಳುತ್ತಿದ್ದಳು: "ನನ್ನ ಚಿತ್ರನೆಲ್ಲ ಒಂದೇ ಚೀಲಕ್ಕೆ ಹಾಕಿಟ್ಟಿದ್ದೀನಿ." ಚೀಲ! ಫೋಲ್ಡರಿಗೆ! ಕಡತಸಂಚಯಕ್ಕಿಂತ ನಾಲ್ಕು ಅಕ್ಷರ ಕಡಿಮೆ, ಸಾಲದ್ದಕ್ಕೆ ಹೆಗಲಿಗೂ ಹಾಕಿಕೊಳ್ಳಬಹುದು.

ಈ ಪುಸ್ತಕದ ಹಿಂದಿನ ಪುಟಗಳಲ್ಲಿ ಗುಟ್ಟಾಗಿ ಬರೆದುಕೊಂಡೆ. ಗಂಟೆ ಹೊಡೆಯುವಾಗ ಹದಿಮೂರು ಪದವಾಗಿತ್ತು.

ಆಮೇಲೆ ನಾನೂ ಒಂದು ಯಂತ್ರ ತೆಗೆದುಕೊಂಡು ಕೂತೆ. ಒಂದೇ ಬೆರಳಲ್ಲಿ, ಅಕ್ಷರ ಹುಡುಕಿ ಹುಡುಕಿ, ಅರ್ಧ ಪುಟ ಬರೆದೆ. ಊಟದ ಹೊತ್ತಾಯಿತೆಂದು ಏನೋ ಒತ್ತಿ ಮುಚ್ಚಿದೆ. ಮತ್ತೆ ತೆರೆದರೆ ಹಾಳೆ ಬೆಳ್ಳಗೆ. ನನ್ನ ಮುಖವೂ ಅದೇ ಬಣ್ಣಕ್ಕೆ ತಿರುಗಿರಬೇಕು. ಚೀಲದ ಹುಡುಗಿ ಓಡಿ ಬಂದಳು.

"ಎತ್ತಿಟ್ರಾ ಮಿಸ್? ಎತ್ತಿಡ್ದೆ ಹೋದ್ರಾ? ಹಂಗೆಲ್ಲ ಬಿಟ್ಟು ಹೋಗ್ಬಾರ್ದು!"

ನಾನು ಮಕ್ಕಳಿಗೆ ಹೇಳುವ ಧಾಟಿಯಲ್ಲೇ ಹೇಳಿದಳು. ಅರ್ಧ ಪುಟ ಹೋದರೆ ಹೋಯಿತು. ಸಂರಕ್ಷಿಸು ಎನ್ನುವ ಪದವನ್ನು ಹೊಡೆದುಹಾಕಿ ಅಲ್ಲೇ ಬರೆದೆ: ಎತ್ತಿಡು.

ಫೆಬ್ರವರಿ 16, ಶುಕ್ರವಾರ

ಊಟದ ಹೊತ್ತಿನಲ್ಲಿ ನಮ್ಮವರು ಇದ್ದಕ್ಕಿದ್ದಂತೆ ಮಾತಾಡಿದರು. ಅಂದರೆ, ಉಪ್ಪು ಕೊಡು ಎನ್ನುವುದಲ್ಲ. ಒಂದು ಇಡೀ ಕಥೆ.

ಕಸುಬಿಗೆ ಸೇರಿದ ಹೊಸದರಲ್ಲಿ ಒಬ್ಬ ನ್ಯಾಯಾಧೀಶರ ದಪ್ಪ ಪುಸ್ತಕವನ್ನು ತಲೆಕೆಳಗಾಗಿ ಕಟ್ಟಿಬಿಟ್ಟಿದ್ದರಂತೆ. ರಟ್ಟಿನ ಮೇಲೆ ಚಿನ್ನದ ಅಕ್ಷರವೆಲ್ಲ ಒತ್ತಿಯಾದ ಮೇಲೆ ನೋಡಿದರೆ, ಹೆಸರು ನೆಟ್ಟಗಿದೆ, ಒಳಗಿನ ಪುಟಗಳೆಲ್ಲ ಶೀರ್ಷಾಸನ. ಬೇರೆ ದಾರಿಯಿಲ್ಲದೆ ಹಾಗೇ ತೆಗೆದುಕೊಂಡು ಹೋದರಂತೆ. ನ್ಯಾಯಾಧೀಶರು ತೆರೆದು ನೋಡಿ, ಮುಚ್ಚಿ, ಗಂಭೀರವಾಗಿ ಹೇಳಿದರಂತೆ: "ಇರ್ಲಿ ಬಿಡಪ್ಪ. ಯಾರೂ ಕದ್ದು ಓದೋಲ್ಲ."

ನನ್ನ ಹೊಟ್ಟೆ ಹುಣ್ಣಾಯಿತು. ಸದ್ದಿಲ್ಲದೆ ನಗುವುದು ಎಷ್ಟು ಕಷ್ಟ ಎಂದು ಆ ವೈದ್ಯರಿಗೆ ಗೊತ್ತಿಲ್ಲ. ಮೇಜು ಹಿಡಿದುಕೊಂಡು ಕೂತೆ, ಕಣ್ಣಲ್ಲಿ ನೀರು. ಸ್ವಲ್ಪ ಸುಧಾರಿಸಿಕೊಂಡು ಸ್ಲೇಟು ಎಳೆದುಕೊಂಡು ಬರೆದೆ: "ಇಪ್ಪತ್ತೆಂಟು ವರ್ಷದಲ್ಲಿ ಇದನ್ನು ಯಾಕೆ ಹೇಳಲಿಲ್ಲ?"

ಅವರು ಯೋಚಿಸಿದರು.

"ಸಂದು ಸಿಕ್ಕಿರ್ಲಿಲ್ಲ," ಎಂದರು.

ಪಾಪ, ಬೈಂಡಿಂಗ್ ಅಂಗಡಿಯಲ್ಲಿ ಅಷ್ಟು ಕೆಲಸ ಇರುತ್ತದೆ.

ಫೆಬ್ರವರಿ 20, ಮಂಗಳವಾರ

ಪಟ್ಟಿಯಲ್ಲಿ ಮೂವತ್ತೊಂದು ಪದ. ಈಗ ಅದು ಗೋಡೆಗೆ ಹೋಗುವ ಮೊದಲು ಮಕ್ಕಳ ಮುಂದೆ ಹೋಗುತ್ತದೆ. ಕರಿಹಲಗೆಯ ಮೇಲೆ ಯಂತ್ರದ ಪದ ಬರೆದು, ಕೈ ಕಟ್ಟಿಕೊಂಡು ನಿಂತುಬಿಡುತ್ತೇನೆ. ಬೇರೇನು ಮಾಡಲಿ, ಬಾಯಿಲ್ಲವಲ್ಲ! ಅವರೇ ಕಚ್ಚಾಡುತ್ತಾರೆ. ಇಂದು ಪಾಸ್‌ವರ್ಡು. ಗುಟ್ಟುಮಾತು ಎಂದು ಹಿಂದಿನ ಬೆಂಚಿನಿಂದ ಬಂತು. ವಕೀಲ ಎದ್ದ.

"ಗುಟ್ಟುಮಾತು ಅಂದ್ರೆ ಯಾರಿಗೂ ಹೇಳ್ಬಾರ್ದು ಅಂತ ತಾನೇ ಮಿಸ್? ನಂದು 'ಕರಿಯ' ಅಂತ. ನಮ್ಮ ನಾಯಿ ಹೆಸರು. ಅದನ್ನ ನಾನು ಯಾರಿಗೂ ಹೇಳಿಲ್ಲ!"

ಮೂವತ್ತೊಂಬತ್ತು ತಲೆ ಅವನ ಕಡೆ ತಿರುಗಿದವು. ಅವನು ಬಾಯಿ ಮುಚ್ಚಿಕೊಂಡ. ಹೊತ್ತು ಮೀರಿತ್ತು. ಪದದ ಅರ್ಥ ಇಡೀ ತರಗತಿಗೆ ಒಂದೇ ಏಟಿಗೆ ತಿಳಿಯಿತು. ಅವನು ಕೂಡಲೇ ಹೊಸ ಗುಟ್ಟುಮಾತು ಇಟ್ಟುಕೊಳ್ಳಬೇಕಾಯಿತು, ಗೋಡೆಯ ಕಡೆ ಮುಖ ಮಾಡಿ.

ಮಧ್ಯಾಹ್ನ ಇನ್ನೊಂದು ಸಂಗತಿ. ಎಲ್ಲರೂ ಕಿವಿ ಎತ್ತಿಟ್ಟುಕೊಂಡು ಕೂತಾಗ ಪರದೆಯ ಮೇಲೆ ಅಕ್ಕಪಕ್ಕದವರೆಲ್ಲ ಬಣ್ಣಬಣ್ಣದ ಪುಟ್ಟ ಮನುಷ್ಯರಂತೆ ಕಾಣಿಸುತ್ತಾರೆ. ಅದಕ್ಕೆ ನೆರೆಹೊರೆ ಎಂದು ಆಗಲೇ ಹೆಸರಾಗಿದೆ. ಒಬ್ಬರ ಹಾಳೆಗೆ ಇನ್ನೊಬ್ಬರು ಸೇರಿ ಬರೆಯಬಹುದು. ನನ್ನ ಹಾಳೆಯಲ್ಲಿ ನಾನು ಬರೆಯದ ಸಾಲೊಂದು ತಾನಾಗಿ ಮೂಡಿತು.

"ಮಿಸ್, ಕರ್ಸರಿಗೆ ಇನ್ನೂ ಹೆಸರಿಟ್ಟಿಲ್ಲ."

ಬೆಚ್ಚಿಬಿದ್ದೆ. ತಲೆ ಎತ್ತಿ ನೋಡಿದರೆ ಎಲ್ಲರೂ ತಮ್ಮ ತಮ್ಮ ಪರದೆಯಲ್ಲಿ ಮುಳುಗಿದ್ದಾರೆ. "ನೀನು ಯಾರು?" ಎಂದು ಒಂದು ಬೆರಳಲ್ಲಿ ಬರೆದೆ.

"ಕಿಟಕಿ ಪಕ್ಕ."

ಕಿಟಕಿ ಪಕ್ಕದ ಹುಡುಗಿ! ಮೂರು ವರ್ಷದಿಂದ ಈ ಶಾಲೆಯಲ್ಲಿದ್ದಾಳೆ. ಈ ವರ್ಷ ನನ್ನ ತರಗತಿಯಲ್ಲಿ ಒಂದು ಪ್ರಶ್ನೆಗೂ ಬಾಯಿಬಿಟ್ಟವಳಲ್ಲ. ಅವಳ ಹೆಸರಿನ ಮುಂದೆ ನಾನು 'ನಿಧಾನ' ಎಂದು ಬರೆದಿದ್ದೇನೆ. ಈಗ ನೋಡಿದರೆ ಒಂದಾದಮೇಲೊಂದು ಸಾಲು ಬರುತ್ತಲೇ ಇತ್ತು. "ಅದು ಮಿಣುಕುತ್ತಾ ಇರುತ್ತೆ ಮಿಸ್. ಮಿಣುಕುಕಡ್ಡಿ ಅಂತ ಇಡಬಹುದು. ನೀವು ಮುಂದೆ ಏನು ಬರೀತೀರೋ ಅಂತ ಅದು ಕಾಯ್ತಾ ಇರುತ್ತೆ."

ನಿಘಂಟಿನವರನ್ನೆಲ್ಲ ಕರೆದು ಅವಳ ಎದುರು ಕೂರಿಸಬೇಕು ಅನ್ನಿಸಿತು.

ಫೆಬ್ರವರಿ 21, ಬುಧವಾರ

ಹಾಳೆಯಲ್ಲಿ ಅವಳನ್ನು ಕೇಳಿದೆ: "ಇಷ್ಟೆಲ್ಲ ಗೊತ್ತಿರುವವಳು ತರಗತಿಯಲ್ಲಿ ಯಾಕೆ ಉತ್ತರ ಹೇಳುವುದಿಲ್ಲ?"

ಬಹಳ ಹೊತ್ತು ಏನೂ ಬರಲಿಲ್ಲ. ಮಿಣುಕುಕಡ್ಡಿ ಮಿಣುಕುತ್ತಿತ್ತು. ಆಮೇಲೆ ಬಂತು.

"ನಾನು ಯೋಚನೆ ಮಾಡಿ ಮುಗಿಸೋದ್ರೊಳಗೆ ನೀವೇ ಹೇಳಿಬಿಡ್ತಿದ್ರಿ ಮಿಸ್."

ಇದೇನು ನ್ಯಾಯ? ಪಾಠ ಮುಗಿಯಬೇಡವೇ? ನಲವತ್ತು ಮಕ್ಕಳಿದ್ದಾರೆ, ಒಬ್ಬೊಬ್ಬರಿಗಾಗಿ ನಿಂತರೆ ವರ್ಷ ಸಾಲುತ್ತದೆಯೇ? ಹಾಗೆಂದು ಬರೆಯಲು ಹೊರಟೆ. 'ಇದೇನು' ಎಂಬ ಪದದಲ್ಲಿ 'ದೇ' ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಕೋಪ ಆರಿಹೋಯಿತು. ಅಳಿಸಿದೆ.

ಮುಂದಿನ ಹೊತ್ತು ಗಣಿತ. ಮೇಷ್ಟ್ರು ಪ್ರಶ್ನೆ ಕೇಳಿ ಉತ್ತರಕ್ಕೆ ಎಷ್ಟು ಕಾಯುತ್ತಾರೆಂದು ಗೋಡೆಯ ಗಡಿಯಾರದಲ್ಲಿ ನೋಡಿದೆ. ಎರಡು ಸೆಕೆಂಡು. ಒಂದು ಸಲ ಮೂರು. ಅವರಿಗೆ ತಾಳ್ಮೆಯೇ ಇಲ್ಲ. ಸಿಬ್ಬಂದಿ ಕೋಣೆಯಲ್ಲಿ ಸ್ಲೇಟಿನ ಮೇಲೆ ಬರೆದು ತೋರಿಸಿದೆ.

"ನಿಮಗಿಂತ ಒಂದು ಸೆಕೆಂಡು ಜಾಸ್ತೀನೇ ಇರ್ಬೇಕಲ್ಲ ಮೇಡಂ?" ಎಂದು ಚಹಾ ಹೀರಿದರು.

ಫೆಬ್ರವರಿ 26, ಸೋಮವಾರ

ಹೆಡ್ ಮೇಡಂ ಸುದ್ದಿ ತಂದರು. ಪಕ್ಕದ ಬಡಾವಣೆಯ ಶಾಲೆಗೂ ಇಂಥವೇ ಯಂತ್ರ ಬಂದಿವೆ. ಅವರು ಯಾರೋ ಪಂಡಿತರಿಂದ ಪದಪಟ್ಟಿ ಬರೆಸಿ, ನುಣುಪು ಕಾಗದದಲ್ಲಿ ಬಣ್ಣದ ಅಚ್ಚು ಹಾಕಿಸಿದ್ದಾರೆ. ಒಂದು ಪ್ರತಿಯನ್ನೂ ತಂದಿದ್ದರು. ತೆರೆದರೆ ಮೊದಲ ಪುಟದಲ್ಲೇ ಕಡತಸಂಚಯ, ಸ್ಥಾನದರ್ಶಕ.

"ಅಧಿಕಾರಿಗಳಿಗೆ ಇಂಥದ್ದೇ ಹಿಡಿಸುತ್ತೇನೋ," ಎಂದರು ಹೆಡ್ ಮೇಡಂ, ಮೆಲ್ಲಗೆ. "ಚೀಲ, ಮುನಿಸು ಅಂದ್ರೆ ನಗ್ತಾರೇನೋ. ನಿಮ್ಮ ಮೊದಲನೇ ಪಟ್ಟಿ ಇನ್ನೂ ಇದೆಯಾ ಟೀಚರ್?"

ಇತ್ತು. ಸುರುಳಿ ನನ್ನ ಬೀರುವಿನ ಮೇಲೆಯೇ ಇತ್ತು. ಕೊಟ್ಟಿದ್ದರೆ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ನಾನು ಅವರ ಕೈ ಹಿಡಿದು ನಾಲ್ಕನೇ ತರಗತಿಗೆ ಕರೆದುಕೊಂಡು ಹೋದೆ. ಕೊನೆಯ ಬೆಂಚಿನಲ್ಲಿ ನನ್ನ ಪಕ್ಕ ಕೂರಿಸಿ, ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದೆ. ಅರ್ಧ ಗಂಟೆ ಕೂತರು. ಮಕ್ಕಳು ಅವರನ್ನೂ ಮರೆತರು.

ಎದ್ದು ಹೋಗುವಾಗ ಆ ಬಣ್ಣದ ಪುಸ್ತಕವನ್ನು ಅಲ್ಲೇ ಬೆಂಚಿನ ಮೇಲೆ ಬಿಟ್ಟುಹೋದರು. "ಇವತ್ತು ಎಷ್ಟು ಪದ ಆಗಿದೆ?" ಎಂದು ಮಾತ್ರ ಕೇಳಿದರು. ನಲವತ್ತೇಳು ಎಂದು ಬರೆದೆ.

ಮಾರ್ಚ್ 1, ಶುಕ್ರವಾರ

ಅರವತ್ತು!

ಕೊನೆಯದಕ್ಕೆ ದೊಡ್ಡ ಜಗಳವಾಯಿತು. ಬ್ಯಾಟರಿಗೆ ಜೀವ ಎಂದು ಹೆಸರಿಡಬೇಕೆಂದು ಒಂದು ಗುಂಪು, ಉಸಿರು ಎಂದು ಇನ್ನೊಂದು. ವಕೀಲ ಎದ್ದು ನಿಂತು, "ನಮ್ಮಜ್ಜಿ ಟಾರ್ಚಿಗೆ ಬ್ಯಾಟರಿ ಅಂತಾನೇ ಅಂತಾರೆ. ಅವರಿಗೆ ಎಂಬತ್ತು ವರ್ಷ. ಹಂಗಾದ್ರೆ ಅದು ನಮ್ಮ ಪದವೇ ಅಲ್ವಾ?" ಎಂದ. ಒಂದು ತಿಂಗಳ ಹಿಂದೆ ಇಂಥ ಮಾತಿಗೆ ಕಿವಿ ಹಿಂಡುತ್ತಿದ್ದೆ. ಕೈ ಎತ್ತಿಸಿ ಎಣಿಸಿದೆ. ಅಜ್ಜಿ ಗೆದ್ದರು. ಬ್ಯಾಟರಿ ಬ್ಯಾಟರಿಯೇ.

ಅರ್ಥದ ಸಾಲುಗಳನ್ನೂ ಮಕ್ಕಳ ಬಾಯಿಂದಲೇ ತೆಗೆದುಕೊಂಡೆ, ಕಾಗುಣಿತ ಮಾತ್ರ ನನ್ನದು. ನನಗೆ ಇಷ್ಟವಾದವು ಇಲ್ಲಿರಲಿ. 'ಅಳಿಸು: ಒತ್ತುವ ಮೊದಲು ಒಂದು ಸಲ ಉಸಿರು ತೆಗೆದುಕೋ.' 'ಹಿಂದಕ್ಕೆ: ತಪ್ಪು ಮಾಡಿದ್ದು ಮಾಡಲಿಲ್ಲ ಅನ್ನಿಸುವ ಗುಂಡಿ. ಲ್ಯಾಪ್‌ಟಾಪಿನಲ್ಲಿ ಮಾತ್ರ ಇದೆ.' 'ಮುನಿಸು: ಯಂತ್ರ ಏನು ಒತ್ತಿದರೂ ಕೇಳದೆ ನಿಲ್ಲುವುದು. ಬೈಯಬಾರದು, ಹತ್ತು ಎಣಿಸಬೇಕು.'

ಸಂಜೆ ನಮ್ಮವರು ಹಾಳೆಗಳನ್ನು ಮಡಚಿ ಹೊಲಿದರು. ನಾನು ದಾರಕ್ಕೆ ಮೇಣ ಹಚ್ಚಿ ಕೊಟ್ಟೆ. ಅವರ ಅಂಗಡಿಯಲ್ಲಿ ನಾನು ಇಷ್ಟು ಹೊತ್ತು ಕೂತದ್ದು ಇದೇ ಮೊದಲು. ಯಾವ ಗಿರಾಕಿ ಪುಸ್ತಕದೊಳಗೆ ಏನೇನು ಮರೆತುಹೋಗಿದ್ದರು ಎಂದು ಒಂದೊಂದೇ ಹೇಳುತ್ತಾ ಹೋದರು. ಒಣಗಿದ ಎಲೆ, ಹಲ್ಲುಜ್ಜುವ ಬ್ರಷ್ಷು, ಹುಡುಗಿಯೊಬ್ಬಳು ಮದುವೆಗೆ ಬರೆದುಕೊಟ್ಟ ಒಪ್ಪಿಗೆಯ ಕಾಗದ. "ಅದನ್ನ ನಾನೇ ಓಡಿಹೋಗಿ ಕೊಟ್ಟು ಬಂದೆ," ಎಂದರು. ರಟ್ಟು ಅಂಟಿಸುವಾಗ ನನ್ನ ಕಡೆ ತಿರುಗಿ, "ನೆಟ್ಟಗಿದೆಯಾ ನೋಡೇ, ಶೀರ್ಷಾಸನ ಬೇಡ," ಎಂದರು.

ಮಾರ್ಚ್ 4, ಸೋಮವಾರ

ಬರೆಯಲು ಎಲ್ಲಿಂದ ಶುರುಮಾಡಲಿ!

ಅಧಿಕಾರಿ ಹತ್ತು ಗಂಟೆಗೆ ಬಂದರು. ನನ್ನಷ್ಟೇ ವಯಸ್ಸಿನ ಹೆಂಗಸು, ಮಾತಿಗೊಮ್ಮೆ ಕನ್ನಡಕ ಒರೆಸುವ ಅಭ್ಯಾಸ. ಹೆಡ್ ಮೇಡಂ ಬಾಲ ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದರು. ಗಣಿತದ ಮೇಷ್ಟ್ರು ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದರು. ನಾನು ಸ್ಲೇಟು ಹಿಡಿದು ಗೋಡೆಗೆ ಒರಗಿ ನಿಂತೆ.

ಅಧಿಕಾರಿ ಒಂದು ಯಂತ್ರವನ್ನು ತಾವೇ ಎತ್ತಿಕೊಂಡು ಏನೋ ಒತ್ತಿದರು. ಇನ್ನೊಂದು ಒತ್ತಿದರು. ಮೂರನೆಯದಕ್ಕೆ ಪರದೆ ನಿಂತುಹೋಯಿತು. ಅವರು ಗಾಬರಿಯಿಂದ ಹೆಡ್ ಮೇಡಂ ಮುಖ ನೋಡಿದರು, ಹೆಡ್ ಮೇಡಂ ಮೇಷ್ಟ್ರ ಮುಖ ನೋಡಿದರು, ಮೇಷ್ಟ್ರು ಸೂರು ನೋಡಿದರು.

ವಕೀಲ ಎದ್ದ. "ಮುನಿಸ್ಕೊಂಡಿದೆ ಮೇಡಂ. ನೀವು ಅವಸರ ಮಾಡಿದ್ರಿ. ಹತ್ತು ಎಣಿಸಿ."

"ಏನು?"

"ಹತ್ತು ಎಣಿಸ್ಬೇಕು. ಬನ್ನಿ, ನಾವೂ ಎಣಿಸ್ತೀವಿ. ಒಂದು, ಎರಡು..."

ನಲವತ್ತು ಮಕ್ಕಳು ಒಟ್ಟಿಗೆ ಎಣಿಸತೊಡಗಿದರು. ಐದಕ್ಕೆ ಅಧಿಕಾರಿಯ ತುಟಿಯೂ ಆಡತೊಡಗಿತು. ಎಂಟಕ್ಕೆ ಗಟ್ಟಿಯಾಗಿಯೇ ಎಣಿಸುತ್ತಿದ್ದರು. ಒಂಬತ್ತಕ್ಕೆ ಪರದೆ ಸಣ್ಣಗೆ ಅಲ್ಲಾಡಿ ಸರಿಹೋಯಿತು. ತರಗತಿ ಚಪ್ಪಾಳೆ ತಟ್ಟಿತು, ಯಂತ್ರಕ್ಕೋ ಅಧಿಕಾರಿಗೋ ಗೊತ್ತಿಲ್ಲ.

ಆಮೇಲೆ ಅವರು ಕನ್ನಡಕ ಒರೆಸಿಕೊಂಡು, ಸಾಲುಗಳ ನಡುವೆ ನಡೆಯುತ್ತಾ ಒಂದೊಂದೇ ಕೇಳಿದರು. ಫೋಲ್ಡರ್ ಅಂದರೆ? ಚೀಲ. ಯಾಕೆ ಬೇಕು? ಕಳೆದುಹೋಗದ ಹಾಗೆ. ಸೇವ್ ಅಂದರೆ? "ಎತ್ತಿಡು!" ಎಂದು ಹತ್ತು ಬಾಯಿ. ಕಿಟಕಿಯ ಬಳಿ ನಿಂತರು.

"ನೀನು ಹೇಳು ಮರಿ. ಇಲ್ಲಿ ಮಿಣುಮಿಣು ಅಂತಿದೆಯಲ್ಲ, ಇದೇನು?"

ಕಿಟಕಿ ಪಕ್ಕದ ಹುಡುಗಿ ಎದ್ದು ನಿಂತಳು. ಪರದೆ ನೋಡಿದಳು. ಏನೂ ಹೇಳಲಿಲ್ಲ. ಎರಡು ಸೆಕೆಂಡು. ಮೂರು. ಅಧಿಕಾರಿ ಮುಂದಿನವರ ಕಡೆ ತಿರುಗಲು ಹೊರಟರು. ಮೇಷ್ಟ್ರು "ಅದು ಮಿ..." ಎಂದು ಬಾಯಿ ತೆರೆದರು. ನಾನು ಅವರ ಕಾಲು ತುಳಿದೆ. ಮೆಲ್ಲಗೇನೂ ಅಲ್ಲ. ಸ್ಲೇಟನ್ನು ಎದೆಯ ಮುಂದೆ ಎತ್ತಿ ಹಿಡಿದು ಅಧಿಕಾರಿಗೆ ತೋರಿಸಿದೆ: 'ದಯವಿಟ್ಟು ಕಾಯಿರಿ.'

ಕಾದರು. ಎಲ್ಲರೂ ಕಾದೆವು. ವಕೀಲನೂ ಕೂತೇ ಇದ್ದ, ಎರಡೂ ಕೈಯಲ್ಲಿ ಬೆಂಚು ಹಿಡಿದುಕೊಂಡು. ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು.

"ಇದು ಮಿಣುಕುಕಡ್ಡಿ," ಎಂದಳು ಹುಡುಗಿ. ಸಣ್ಣ ಧ್ವನಿ, ಆದರೆ ಕೊನೆಯ ಬೆಂಚಿಗೂ ಕೇಳಿಸಿತು. "ನಾವು ಬರೆಯೋ ಮುಂದಿನ ಅಕ್ಷರ ಎಲ್ಲಿ ಬೀಳುತ್ತೆ ಅಂತ ತೋರಿಸುತ್ತೆ. ನಾವು ಎಷ್ಟು ಹೊತ್ತು ಯೋಚನೆ ಮಾಡಿದ್ರೂ ಅಲ್ಲೇ ಇರುತ್ತೆ. ಅದಕ್ಕೆ ಅವಸರ ಇಲ್ಲ."

ಅಧಿಕಾರಿ ಕನ್ನಡಕ ತೆಗೆದರು. ಒರೆಸಲಿಲ್ಲ, ಕೈಯಲ್ಲೇ ಹಿಡಿದುಕೊಂಡರು. "ನಮ್ಮ ಕಚೇರೀಲಿ ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ಇದೆ," ಎಂದರು. "ಇಷ್ಟು ಚೆನ್ನಾಗಿ ನಂಗ್ಯಾರೂ ಹೇಳಿರ್ಲಿಲ್ಲ."

ಪುಸ್ತಕವನ್ನು ಕೂತು ಪೂರ್ತಿ ಓದಿದರು. ಎರಡು ಕಡೆ ಜೋರಾಗಿ ನಕ್ಕರು. ಯಂತ್ರಗಳು ಇಲ್ಲೇ ಇರುತ್ತವೆ. ಪಕ್ಕದ ಬಡಾವಣೆಯವರಿಂದಲೂ ಕಸಿಯುವುದಿಲ್ಲವಂತೆ, ಅವರ ಮಕ್ಕಳಿಗೂ ಇದೇ ಪುಸ್ತಕ ಬೇಕಂತೆ. ನಲವತ್ತು ಪ್ರತಿ ಕಟ್ಟಿಸಿಕೊಡಿ ಎಂದು ಹೇಳಿಹೋದರು. ಅದರಲ್ಲಿ ಬರೆದವರ ಹೆಸರು ಎಲ್ಲಿದೆ ಎಂದು ಕೇಳಿದಾಗ ನಾನು ಬೆರಳಿನಿಂದ ತರಗತಿಯನ್ನೆಲ್ಲ ಒಂದು ಸುತ್ತು ತೋರಿಸಿದೆ.

ಮೇಷ್ಟ್ರು ಸಂಜೆಯವರೆಗೆ ಕುಂಟಿದರು. ಸ್ವಲ್ಪ ನಾಟಕವೂ ಇತ್ತು.

ಮಾರ್ಚ್ 5, ಮಂಗಳವಾರ

ಬೆಳಿಗ್ಗೆ ರಜೆ ಹಾಕಿ ನಮ್ಮವರ ಜೊತೆ ಗಂಟಲಿನ ವೈದ್ಯರಲ್ಲಿಗೆ ಹೋಗಿದ್ದೆ. ಸಣ್ಣ ಕನ್ನಡಿ ಒಳಗಿಟ್ಟು ನೋಡಿದರು. ಗಾಯ ಚೆನ್ನಾಗಿ ಮಾಗಿದೆಯಂತೆ. 'ಆ' ಎನ್ನಿಸಿದರು. ತೆಳ್ಳಗೆ, ಯಾರೋ ಪಕ್ಕದ ಮನೆಯಲ್ಲಿ ಅಂದ ಹಾಗೆ ಬಂತು. ಇವತ್ತಿನಿಂದ ಸ್ವಲ್ಪ ಸ್ವಲ್ಪ ಮಾತಾಡಬಹುದು, ಮುಂದಿನ ತಿಂಗಳು ತರಗತಿಯನ್ನೂ ತೆಗೆದುಕೊಳ್ಳಬಹುದು. "ಆದ್ರೆ ಹಳೇ ಧ್ವನಿ ಬರೋಲ್ಲ. ಇಷ್ಟರಲ್ಲೇ ನಡೆಸ್ಕೊಂಡು ಹೋಗ್ಬೇಕು," ಎಂದರು. ಆಗಲಿ ಎಂದು ತಲೆಯಾಡಿಸಿ, ತರಗತಿಯ ವೇಳಾಪಟ್ಟಿಯಲ್ಲಿ ಲ್ಯಾಪ್‌ಟಾಪಿನ ಹೊತ್ತನ್ನು ಎರಡಕ್ಕೆ ಏರಿಸುವಂತೆ ಹೆಡ್ ಮೇಡಂ ಹತ್ತಿರ ಕೇಳಬೇಕೆಂದು ಯೋಚಿಸುತ್ತಾ ಹೊರಬಂದೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮೊದಲ ಮಾತು ಏನಾಡಬೇಕೆಂದು ನಾಲ್ಕು ವಾರದಿಂದ ಲೆಕ್ಕವಿಲ್ಲದಷ್ಟು ಸಲ ಯೋಚಿಸಿದ್ದೆ. ಮೇಷ್ಟ್ರಿಗೆ ಕೊಡಬೇಕಾದ ಉತ್ತರಗಳೇ ಹನ್ನೆರಡಿದ್ದವು. ಆದರೆ ನಮ್ಮವರು ಆಗಲೇ ಶುರುಮಾಡಿದ್ದರು. ನಲವತ್ತು ಪ್ರತಿಗೆ ರಟ್ಟು ತರಲು ನಿನ್ನೆ ಸಂಜೆ ಕಾಗದದ ಗೋದಾಮಿಗೆ ಹೋದರೆ, ಅಲ್ಲಿನ ಮುದುಕರೊಬ್ಬರು ಇವರನ್ನು ಬೇರೆ ಯಾರೋ ಎಂದುಕೊಂಡು ತಬ್ಬಿಕೊಂಡು ಅತ್ತರಂತೆ.

"ನಾನು ಏನು ಮಾಡ್ಲಿ ಹೇಳು? ಬಿಡಿಸಿಕೊಂಡ್ರೆ ಅವರಿಗೆ ಬೇಜಾರು. ಬಿಡಿಸಿಕೊಳ್ಳದಿದ್ರೆ ನಾನು ಯಾರು ಅಂತ ನಂಗೇ ಗೊತ್ತಿಲ್ಲ. ಕೊನೆಗೆ ನಾನೂ ಅವರ ಬೆನ್ನು ತಟ್ಟಿದೆ..." ಎಂದು ನಿಲ್ಲಿಸಿ, ಬಸ್ಸಿನ ಚೀಟಿ ಎಲ್ಲಿಟ್ಟೆ ಎಂದು ಜೇಬು ತಡಕಾಡಿದರು.

"ಆಮೇ‌ಲೆ?" ಎಂದೆ.

ಅವರು ಗಮನಿಸಲೇ ಇಲ್ಲ. "ಆಮೇಲೆ ಏನು, ಒಳಗೆ ಕರ್ಕೊಂಡು ಹೋಗಿ ಕೂರಿಸಿ, ಮನೆಯೋರನ್ನೆಲ್ಲ ಕರೆದ್ರು..." ಎಂದು ಮುಂದುವರಿಸಿದರು. ನಾಲ್ಕು ಮಾತು ಆದ ಮೇಲೆ ತಟಕ್ಕನೆ ನಿಂತು ನನ್ನ ಮುಖ ನೋಡಿದರು. ನೋಡುತ್ತಲೇ ಇದ್ದರು. ಕಣ್ಣು ತೇವವಾಗಿತ್ತೋ ಏನೋ, ಕಿಟಕಿಯ ಬೆಳಕು ಎದುರಿಗೇ ಇದ್ದುದರಿಂದ ಸರಿಯಾಗಿ ಕಾಣಲಿಲ್ಲ. ನಾನು ಮೊಣಕೈಯಿಂದ ತಿವಿದೆ. ಕಥೆ ಅರ್ಧಕ್ಕೆ ನಿಂತರೆ ಹೇಗೆ?

ಹೇಳಿದರು. ಬಸ್ಸು ನಮ್ಮ ನಿಲ್ದಾಣ ದಾಟಿ ಇನ್ನೆರಡು ನಿಲ್ದಾಣ ಹೋದದ್ದು ಇಬ್ಬರಿಗೂ ತಿಳಿಯಲಿಲ್ಲ. ಇಳಿದು ಹಿಂದಕ್ಕೆ ನಡೆದೆವು. ಅರ್ಧ ದಾರಿಯಲ್ಲಿ ಆ ಮುದುಕರ ಕಥೆ ಮುಗಿಯಿತು. ಮನೆ ಇನ್ನೂ ದೂರವಿತ್ತು. ಆ ಒಪ್ಪಿಗೆಯ ಕಾಗದದ ಹುಡುಗಿಗೆ ಮದುವೆ ಆಯಿತೇ ಎಂದು ಕೇಳಿದೆ.